ಕೆಂಪು ಗೆರೆ ಎಳೆದ ಉತ್ತರ

ಎಂಟನೆಯ ತರಗತಿಯ ಇತಿಹಾಸ 'ಆಧಾರಗಳು' ಎಂಬ ಪಾಠದಿಂದ ಆರಂಭವಾಗುತ್ತದೆ. ಸಾಹಿತ್ಯ ಆಧಾರ, ಪುರಾತತ್ತ್ವ ಆಧಾರ ಎಂದು ಎರಡು ಕವಲು. ಅವಕ್ಕೆ ಮತ್ತೆ ಲಿಖಿತ, ಮೌಖಿಕ, ಶಾಸನ, ನಾಣ್ಯ ಎಂದು ಉಪಕವಲುಗಳು. ದಾವಣಗೆರೆಯಲ್ಲಿ ಈ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಾರೆ. ಆದರೆ ಒಂದು ಆಧಾರವನ್ನು ಮುಂದಿಟ್ಟು, ಇದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಡಬ್ಬಗಳಿಗೆಲ್ಲ ಚೀಟಿ ಅಂಟಿಸುವುದನ್ನು ಕಲಿಸಿ, ಅಡುಗೆ ಕಲಿಸದೆ ಬಿಟ್ಟ ಹಾಗಿದೆ ಈ ಪಾಠ.

ಇದು ನನಗೆ ಹೊಳೆದದ್ದು ನನ್ನ ತಪ್ಪಿನಿಂದಲೇ. ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದವರು ಯಾರೆಂದು ಒಮ್ಮೆ ಕಿರುಪರೀಕ್ಷೆಯಲ್ಲಿ ಕೇಳಿದ್ದೆ. ಹರಿಹರದಿಂದ ಬರುತ್ತಿದ್ದ ಹುಡುಗಿಯೊಬ್ಬಳು ಅರ್ಧ ಪುಟ ಬರೆದಿದ್ದಳು. ಹರಿಯಿಂದಲೂ ಹರನಿಂದಲೂ ಸಾವು ಬರಬಾರದೆಂದು ವರ ಪಡೆದ ಗುಹಾಸುರ, ಅವನನ್ನು ಕೊಲ್ಲಲು ಇಬ್ಬರೂ ಒಂದೇ ದೇಹವಾಗಿ ಬಂದದ್ದು. ಎಲ್ಲಾ ಅಜ್ಜಿ ಹೇಳಿದ ಕಥೆ. ಉದ್ದಕ್ಕೂ ಕೆಂಪು ಗೆರೆ ಎಳೆದು ಸೊನ್ನೆ ಕೊಟ್ಟೆ. ಪಕ್ಕದಲ್ಲಿ 'ಪೋಲಾಳ್ವ' ಎಂದು ಬರೆದೆ. ಅಂದಿನಿಂದ ಅವಳು ತರಗತಿಯಲ್ಲಿ ಕೈ ಎತ್ತಲಿಲ್ಲ.

ಉತ್ತರವೇನೋ ನನ್ನದೇ ಸರಿ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಅದನ್ನು ಕಟ್ಟಿಸಿದ. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಇನ್ನಷ್ಟು ಸೇರಿಸಿದ. ಶಾಸನಗಳು ಗುಡಿಯ ಆವರಣದಲ್ಲೇ ಇವೆ. 1997ರವರೆಗೂ ನಮ್ಮೂರುಗಳು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವಲ್ಲ, ಆ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ 11ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ಆದರೆ ನಾನು ಕಲ್ಲನ್ನೂ ನೋಡಿರಲಿಲ್ಲ, ಸಂಪುಟವನ್ನೂ ತೆರೆದಿರಲಿಲ್ಲ. ಅವಳು ಅಜ್ಜಿಯನ್ನು ನಂಬಿದ್ದಳು, ನಾನು ಗೈಡ್ ಪುಸ್ತಕವನ್ನು ನಂಬಿದ್ದೆ. ಇಬ್ಬರದೂ ಕೇಳಿದ ಮಾತೇ!

ಮುಂದೊಂದು ಭಾನುವಾರ ಮಕ್ಕಳನ್ನು ಹರಿಹರಕ್ಕೆ ಕರೆದುಕೊಂಡು ಹೋದೆ. ಎತ್ತರದ ಕಲ್ಲಿನ ಮುಂದೆ ನಿಂತು, ಇದನ್ನು ಕೆತ್ತಿಸಿದವರು ಯಾರು, ಯಾರು ಓದಲೆಂದು ಕೆತ್ತಿಸಿದರು ಎಂದು ಕೇಳಿದೆ. ಅರಸನನ್ನೂ ದಾನಿಯನ್ನೂ ಹೊಗಳುವುದು ಶಾಸನದ ಕೆಲಸ. ಕಲ್ಲು ಹೊತ್ತವರು ಯಾರು, ಅವರಿಗೆ ಗಂಜಿ ಕಾಯಿಸಿದವಳು ಯಾರು ಎಂದು ತಿಳಿಸಲು ಅದನ್ನು ನಿಲ್ಲಿಸಿದ್ದಲ್ಲ. ಗುಹಾಸುರನ ಕಥೆಯಿಂದ ಕಟ್ಟಿದ ವರ್ಷ ತಿಳಿಯದು, ನಿಜ. ಶಿವನ ಭಕ್ತರೂ ವಿಷ್ಣುವಿನ ಭಕ್ತರೂ ಒಂದೇ ಮೂರ್ತಿಗೆ ಕೈಮುಗಿಯುವುದನ್ನು ಈ ಊರಿನ ಜನ ತಮಗೆ ತಾವು ಹೇಗೆ ಹೇಳಿಕೊಂಡರು ಎಂಬುದು ಆ ಕಥೆಯಿಂದ ತಿಳಿಯುತ್ತದೆ. ಮೌಖಿಕ ಆಧಾರವೂ ಉಂಟೆಂದು ನಮ್ಮ ಪಾಠವೇ ಹೇಳುತ್ತದೆ. ಉತ್ತರಪತ್ರಿಕೆಯಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ.

ಈಗ ಆ ಪಾಠಕ್ಕೆ ಮೊದಲು, ಮನೆಯಿಂದ ಒಂದು ಹಳೆಯ ಕಾಗದ ತನ್ನಿ ಎನ್ನುತ್ತೇನೆ. ಒಬ್ಬ ಹುಡುಗ ತನ್ನ ತಾತನ ಹತ್ತಿ ಗಿರಣಿಯ ಸಂಬಳದ ಚೀಟಿ ತಂದಿದ್ದ. ಆ ಸಂಬಳದಲ್ಲಿ ಮನೆ ನಡೆಸಿದ ಅಜ್ಜಿಯ ಹೆಸರು ಅದರಲ್ಲಿರಲಿಲ್ಲ. ಅದನ್ನು ಅಜ್ಜಿಯನ್ನೇ ಕೇಳಿ ಬರೆಯಬೇಕಾಯಿತು. ಆದ್ದರಿಂದ ಟ್ರಂಕಿನ ಹಳೆಯ ಕಾಗದಗಳನ್ನು ರದ್ದಿಯವನಿಗೆ ಹಾಕುವ ಮುಂಚೆ, ತಾಯಂದಿರೇ, ಒಮ್ಮೆ ಮಕ್ಕಳಿಗೆ ತೋರಿಸಿ.

ಆ ಹುಡುಗಿಯ ಸೊನ್ನೆಯನ್ನು ನಾನು ತಿದ್ದಲಿಲ್ಲ; ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಕೆಂಪು ಗೆರೆ ನನ್ನ ತಪ್ಪು ಎಂದು ಅವಳಿಗೆ ಹೇಳಿದೆ. ಕಥೆಯನ್ನು ಬೇರೆ ಪುಸ್ತಕದಲ್ಲಿ ಪೂರ್ತಿ ಬರೆ, ಹೇಳಿದವರ ಹೆಸರು, ವಯಸ್ಸು, ಅವರಿಗೆ ಹೇಳಿದವರು ಯಾರು ಎಂಬುದನ್ನೂ ಬರೆ ಎಂದೆ. ವಾರದ ಮೇಲೆ ಎರಡು ಪುಟ ಬರೆದು ತಂದಳು. ಅಜ್ಜಿಗೆ ಆ ಕಥೆ ಹೇಳಿದ್ದು ಅವರ ಅತ್ತೆಯಂತೆ.