ಎದುರಾಳಿಗೆ ರಾಯಭಾರ: ಮರ್ಯಾದೆಯೋ, ಬೆಣೆಯೋ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮತದಾರರಿಗೆ ಪಕ್ಷಾಂತರ ಹೊಸ ಸುದ್ದಿಯೇನಲ್ಲ. ಅಫಜಲಪುರದಲ್ಲಿ 2018ರ ಚುನಾವಣೆಗೆ ಮುಂಚೆ ಕಾಂಗ್ರೆಸ್ಸಿನ ಮಾಲೀಕಯ್ಯ ಗುತ್ತೇದಾರ ಬಿಜೆಪಿಗೆ ಹೋದರು, ಬಿಜೆಪಿಯ ಎಂ.ವೈ. ಪಾಟೀಲ ಕಾಂಗ್ರೆಸ್ಸಿಗೆ ಬಂದರು. ಗೆದ್ದವರು ಪಾಟೀಲರು. 2019ರಲ್ಲಿ ಕಲಬುರಗಿ ಲೋಕಸಭಾ ಕ್ಷೇತ್ರದಲ್ಲಿ ಮಲ್ಲಿಕಾರ್ಜುನ ಖರ್ಗೆಯವರನ್ನು ಸೋಲಿಸಿದ ಉಮೇಶ ಜಾಧವರು ಆ ವರ್ಷದ ಆರಂಭದಲ್ಲಿ ಇನ್ನೂ ಚಿಂಚೋಳಿಯ ಕಾಂಗ್ರೆಸ್ ಶಾಸಕರೇ. ಇಲ್ಲಿಯ ಜನಕ್ಕೆ ಇದೆಲ್ಲ ಕಣ್ಣೆದುರಿನ ಲೆಕ್ಕ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಲೆಕ್ಕವಿದೆ: ಎದುರು ಪಕ್ಷದವನನ್ನು ಅವನ ಪಕ್ಷದಲ್ಲೇ ಉಳಿಸಿ, ತನ್ನ ಸರಕಾರದ ಪರವಾಗಿ ಹೊರದೇಶಕ್ಕೆ ಕಳಿಸುವುದು.

ನಮ್ಮಲ್ಲಿ ರಾಯಭಾರಿಗಳ ಹುದ್ದೆ ಬಹುಪಾಲು ವಿದೇಶಾಂಗ ಸೇವೆಯ ಅಧಿಕಾರಿಗಳ ಪಾಲು. ರಾಜಕಾರಣಿಗಳು ಹೋಗುವುದು ಹೆಚ್ಚಾಗಿ ನಿಯೋಗದ ಮುಖ್ಯಸ್ಥರಾಗಿ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ನಂತರ ಕೇಂದ್ರ ಸರಕಾರ ಏಳು ಸರ್ವಪಕ್ಷ ನಿಯೋಗಗಳನ್ನು ಕಳಿಸಿತು. ತನ್ನಿಂದ ನಾಲ್ಕು ಹೆಸರು ಕೇಳಲಾಯಿತು ಎಂದಿತು ಕಾಂಗ್ರೆಸ್. ಪಕ್ಷ ಕೊಟ್ಟದ್ದು ಆನಂದ ಶರ್ಮಾ, ಗೌರವ್ ಗೊಗೊಯ್, ರಾಜಾ ವಾರಿಂಗ್ ಮತ್ತು ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿರುವ ಸೈಯದ್ ನಾಸಿರ್ ಹುಸೇನ್ ಹೆಸರುಗಳನ್ನು. ಸರಕಾರ ತೆಗೆದುಕೊಂಡದ್ದು ಶರ್ಮಾ ಒಬ್ಬರನ್ನೇ. ಪಟ್ಟಿಯಲ್ಲಿಲ್ಲದ ಶಶಿ ತರೂರರನ್ನು ಅದು ಒಂದು ನಿಯೋಗದ ನಾಯಕರನ್ನಾಗಿ ಮಾಡಿ ಅಮೆರಿಕ ಖಂಡದ ದೇಶಗಳಿಗೆ ಕಳಿಸಿತು.

ತರೂರರ ಯೋಗ್ಯತೆಯ ಬಗ್ಗೆ ತಕರಾರಿಲ್ಲ. ವಿಶ್ವಸಂಸ್ಥೆಯಲ್ಲಿ ಅಧೀನ ಮಹಾ ಕಾರ್ಯದರ್ಶಿ ಹುದ್ದೆಯವರೆಗೆ ಏರಿದವರು, ಸಂಸತ್ತಿನ ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿಯ ಅಧ್ಯಕ್ಷರು. ಕೆಲಸವನ್ನೂ ಚೆನ್ನಾಗಿಯೇ ಮಾಡಿದರು. ಪಾಕಿಸ್ತಾನದಲ್ಲಿ ಸತ್ತವರಿಗೆ ಸಂತಾಪ ಸೂಚಿಸಿದ್ದ ಕೊಲಂಬಿಯಾ, ನಿಯೋಗ ಬೇಸರ ತೋಡಿಕೊಂಡ ಮೇಲೆ ಆ ಹೇಳಿಕೆಯನ್ನು ಹಿಂದಕ್ಕೆ ಪಡೆಯಿತು. ಇಂಥವರ ಹೆಸರನ್ನು ತಾನಾಗಿಯೇ ಕೊಡದ ಕಾಂಗ್ರೆಸ್ಸಿನ ಸಣ್ಣತನವೂ ಇಲ್ಲಿ ಲೆಕ್ಕಕ್ಕೆ ಬರಬೇಕು.

ಆದರೆ ಸರಕಾರದ ಕಣ್ಣು ಯೋಗ್ಯತೆಯ ಮೇಲಷ್ಟೇ ಇರಲಿಲ್ಲ ಎಂದು ಅನುಮಾನಿಸಲು ಕಾರಣವಿದೆ. 2022ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ತರೂರರು ಸ್ಪರ್ಧಿಸಿ ಸೋತದ್ದು ನಮ್ಮ ಖರ್ಗೆಯವರ ಎದುರು: ತರೂರರಿಗೆ 1,072 ಮತ, ಖರ್ಗೆಯವರಿಗೆ 7,897. ಅಂದರೆ ಬಿರುಕು ಮೊದಲೇ ಇತ್ತು. ಬಿರುಕಿರುವ ಕಡೆಯೇ ಬೆಣೆ ಹೊಡೆದರೆ ಮರ ಸೀಳುವುದು ಸುಲಭ. 2025ರ ಜೂನ್ ತಿಂಗಳಲ್ಲಿ ತರೂರರು ಪ್ರಧಾನಿಯ ಚೈತನ್ಯವನ್ನು ಮೆಚ್ಚಿ ಲೇಖನ ಬರೆದರು. ತಮಗೆ ದೇಶ ಮೊದಲು, ಕೆಲವರಿಗೆ ಮೋದಿ ಮೊದಲು ಎಂದು ಖರ್ಗೆಯವರು ಕುಟುಕಿದರು. ವಿದೇಶದಲ್ಲಿ ದೇಶದ ಒಗ್ಗಟ್ಟು ತೋರಿಸಲು ಹೊರಟ ಯಾತ್ರೆ ಊರಿಗೆ ಮರಳುವಷ್ಟರಲ್ಲಿ ವಿರೋಧ ಪಕ್ಷದೊಳಗಿನ ಜಗಳವಾಗಿತ್ತು.

ಇದೇ ನಿಯೋಗಗಳಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ತೃಣಮೂಲ ಕಾಂಗ್ರೆಸ್ಸಿನಿಂದ ಯೂಸುಫ್ ಪಠಾಣರನ್ನು ಸರಕಾರವೇ ಆರಿಸಿದಾಗ, ಹೆಸರು ಹೇಳುವವರು ನಾವು ಎಂದು ಮಮತಾ ಬ್ಯಾನರ್ಜಿ ಪಟ್ಟು ಹಿಡಿದರು. ಕಡೆಗೆ ಅಭಿಷೇಕ್ ಬ್ಯಾನರ್ಜಿ ಹೋದರು. ನಿಯೋಗದ ಕೆಲಸ ಕೆಡಲಿಲ್ಲ, ಪಕ್ಷದ ಮಾನವೂ ಉಳಿಯಿತು. ಪಕ್ಷವನ್ನು ಕೇಳಿ ಕಳಿಸುವುದು ಆಗದ ಮಾತಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಪದ್ಧತಿಯ ಒಳ್ಳೆಯ ರೂಪವನ್ನು ನಾವು 1994ರಲ್ಲೇ ಕಂಡಿದ್ದೇವೆ. ಜಿನೀವಾದ ಮಾನವ ಹಕ್ಕುಗಳ ಆಯೋಗದಲ್ಲಿ ಪಾಕಿಸ್ತಾನ ಕಾಶ್ಮೀರದ ನಿರ್ಣಯ ತಂದಾಗ ಪ್ರಧಾನಿ ಪಿ.ವಿ. ನರಸಿಂಹರಾವ್ ಭಾರತದ ನಿಯೋಗದ ನಾಯಕತ್ವವನ್ನು ಲೋಕಸಭೆಯ ವಿರೋಧ ಪಕ್ಷದ ನಾಯಕ ವಾಜಪೇಯಿಯವರಿಗೆ ಒಪ್ಪಿಸಿದರು. ಅವರದೇ ಸರಕಾರದ ಮಂತ್ರಿ ಸಲ್ಮಾನ್ ಖುರ್ಷಿದ್ ಆ ನಿಯೋಗದಲ್ಲಿ ವಾಜಪೇಯಿಯವರ ಕೈಕೆಳಗೆ ಕೂತರು. ಬಾಬರಿ ಮಸೀದಿ ಉರುಳಿ, ನಾಲ್ಕು ಬಿಜೆಪಿ ರಾಜ್ಯ ಸರಕಾರಗಳು ಹೋಗಿ ಆಗಿನ್ನೂ ಒಂದೂವರೆ ವರ್ಷವೂ ಆಗಿರಲಿಲ್ಲ. ಪಾಕಿಸ್ತಾನ ನಿರ್ಣಯವನ್ನು ಮತಕ್ಕೆ ಹಾಕದೆ ಹಿಂದೆ ಸರಿಯಿತು. ರಾವ್ ಅವರಿಗೆ ಇದರಲ್ಲಿ ಸ್ವಾರ್ಥವಿರಲಿಲ್ಲವೆ? ಖಂಡಿತ ಇತ್ತು. ಜಿನೀವಾದಲ್ಲಿ ಸೋತಿದ್ದರೆ ಬೈಸಿಕೊಳ್ಳುವ ಪಾಲು ಬಿಜೆಪಿಗೂ ಸಿಗುತ್ತಿತ್ತು. ಆದರೂ ವಾಜಪೇಯಿ ಹೋದದ್ದು ವಿರೋಧ ಪಕ್ಷದ ನಾಯಕರಾಗಿಯೇ, ಬಂದದ್ದೂ ಹಾಗೆಯೇ. ಅವರ ಪಕ್ಷಕ್ಕೆ ನಷ್ಟವಾಗಲಿಲ್ಲ: ಅದೇ ಡಿಸೆಂಬರ್‌ನಲ್ಲಿ ಕರ್ನಾಟಕ ವಿಧಾನಸಭೆಯಲ್ಲಿ ಬಿಜೆಪಿ 40 ಸ್ಥಾನ ಗೆದ್ದು, 34ಕ್ಕೆ ಇಳಿದ ಕಾಂಗ್ರೆಸ್ಸನ್ನು ಮೂರನೆಯ ಜಾಗಕ್ಕೆ ತಳ್ಳಿತು.

ಅಮೆರಿಕದಲ್ಲಿ ಈ ವಿದ್ಯೆ ಇನ್ನೂ ಪಳಗಿದೆ. 2009ರಲ್ಲಿ ಒಬಾಮ ಯೂಟಾ ರಾಜ್ಯದ ರಿಪಬ್ಲಿಕನ್ ಗವರ್ನರ್ ಜಾನ್ ಹಂಟ್ಸ್‌ಮನ್ನರನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದರು. ಅವರಿಗೆ ಚೀನೀ ಭಾಷೆ ಬರುತ್ತಿತ್ತು, ನೇಮಕ ತಪ್ಪೆನ್ನಲಾಗದು. ಆದರೆ 2012ಕ್ಕೆ ಎದುರಾಳಿಯಾಗಬಹುದಾದವರಲ್ಲಿ ಇವರ ಬಗ್ಗೆ ತಮಗೆ ಕೊಂಚ ಅಳುಕಿದೆ ಎಂದು ಒಬಾಮ ಅವರ ಚುನಾವಣೆ ನಡೆಸಿದ್ದ ಡೇವಿಡ್ ಪ್ಲಫ್ ಅದಕ್ಕೆ ಮುಂಚೆಯೇ ಹೇಳಿದ್ದರು. 2011ರಲ್ಲಿ ರಾಜೀನಾಮೆ ಕೊಟ್ಟು ಹಂಟ್ಸ್‌ಮನ್ ಕಣಕ್ಕಿಳಿದರು. ಅಷ್ಟರಲ್ಲಿ ಸ್ವಂತ ಪಕ್ಷದವರ ಕಣ್ಣಿಗೆ ಅವರು ಒಬಾಮ ಕಡೆಯವರಾಗಿದ್ದರು. 2012ರ ಜನವರಿಯಲ್ಲೇ ಹಿಂದೆ ಸರಿದರು.

ದೂರ ಕಳಿಸಿ ಮರ್ಯಾದೆ ಮಾಡುವ ಜಾಣ್ಮೆ ನಮಗೂ ಗೊತ್ತು. 2004ರಲ್ಲಿ ಜೇವರ್ಗಿಯ ಧರಂ ಸಿಂಗ್ ಜೆಡಿಎಸ್ ಜೊತೆಗಿನ ಮೈತ್ರಿ ಸರಕಾರದ ಮುಖ್ಯಮಂತ್ರಿಯಾದರು. ಅವರಿಗೆ ಮುಂಚೆ ಆ ಕುರ್ಚಿಯಲ್ಲಿದ್ದ ಎಸ್.ಎಂ. ಕೃಷ್ಣ ವರ್ಷ ಮುಗಿಯುವುದರೊಳಗೆ ಮುಂಬೈ ರಾಜಭವನ ಸೇರಿದರು. ಆಳಂದದ ಬಿ.ಆರ್. ಪಾಟೀಲರು 2023ರಲ್ಲಿ ಮಂತ್ರಿಗಳ ಮೇಲೆ ಮುಖ್ಯಮಂತ್ರಿಗೆ ದೂರು ಬರೆದರು. ವರ್ಷದ ಕೊನೆಗೆ ಮುಖ್ಯಮಂತ್ರಿಯ ರಾಜಕೀಯ ಸಲಹೆಗಾರರ ಹುದ್ದೆ ಬಂತು. 2025ರ ಆರಂಭದಲ್ಲಿ ಅದನ್ನು ಬಿಟ್ಟರು. ಬಡವರ ಮನೆ ಹಂಚಿಕೆಯಲ್ಲಿ ಲಂಚ ನಡೆಯುತ್ತಿದೆ ಎಂದು ಅವರು ಮಾತಾಡಿದ ಧ್ವನಿಮುದ್ರಿಕೆ ಜೂನ್‌ನಲ್ಲಿ ಹೊರಬಿತ್ತು. ಕುರ್ಚಿ ಕೊಟ್ಟ ಮಾತ್ರಕ್ಕೆ ಎಲ್ಲರ ಬಾಯಿಯೂ ಮುಚ್ಚುವುದಿಲ್ಲ.

ಆದ್ದರಿಂದ ಇಂಥ ನೇಮಕವನ್ನು ಉದ್ದೇಶ ನೋಡಿ ತೂಗಿ ಫಲವಿಲ್ಲ. ಉದ್ದೇಶ ಯಾವಾಗಲೂ ಬೆರಕೆಯೇ: ರಾವ್, ಒಬಾಮ, ಮೋದಿ ಯಾರೂ ಸುಮ್ಮನೆ ಎದುರಾಳಿಗೆ ದೊಡ್ಡಸ್ತಿಕೆ ಕಟ್ಟಿಕೊಡಲಿಲ್ಲ. ತೂಗಬೇಕಾದದ್ದು ನಡೆದ ರೀತಿಯನ್ನು. ಹೆಸರು ಹೇಳಿದವರು ಯಾರು? ಮರಳಿ ಬಂದವರು ಮರುದಿನವೇ ಸರಕಾರವನ್ನು ಮೊದಲಿನಂತೆ ಟೀಕಿಸಬಲ್ಲರೆ? 1994 ಈ ಎರಡೂ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುತ್ತದೆ. 2025ರಲ್ಲಿ ಸರಕಾರ ವ್ಯಕ್ತಿಯನ್ನು ಗೌರವಿಸಿ ಪಕ್ಷವನ್ನು ಬದಿಗೆ ಸರಿಸಿತು. ಪಕ್ಷವೂ ತನ್ನ ಸಮರ್ಥನನ್ನು ಬಿಟ್ಟು ಪಟ್ಟಿ ಬರೆದು ಸರಕಾರಕ್ಕೆ ನೆಪ ಕೊಟ್ಟಿತು.

ಈ ಮಾತು ದೆಹಲಿಗೆ ಮಾತ್ರ ಅಲ್ಲ. ಕೃಷ್ಣಾ ನೀರಿಗಾಗಿಯೋ ಮಹದಾಯಿಗಾಗಿಯೋ ಬೆಂಗಳೂರಿನ ಸರಕಾರ ಸರ್ವಪಕ್ಷ ನಿಯೋಗ ಕಟ್ಟುವಾಗ ವಿರೋಧ ಪಕ್ಷದಿಂದ ಯಾರು ಬರಬೇಕೆಂದು ಹೇಳುವವನು ವಿರೋಧ ಪಕ್ಷದ ನಾಯಕನೇ ಆಗಬೇಕು. ತರೂರರ ಪ್ರಕರಣದಲ್ಲಿ ನೊಂದ ಪಕ್ಷವೇ ಇಂದು ಇಲ್ಲಿ ಆಳುತ್ತಿದೆ. ಅದು ದೆಹಲಿಯಲ್ಲಿ ಕೇಳಿದ ನ್ಯಾಯವನ್ನು ಬೆಂಗಳೂರಿನಲ್ಲಿ ಕೊಟ್ಟರೆ ಮಾತ್ರ ಅದರ ದೂರಿಗೆ ಬೆಲೆ.