ಡಬ್ಬದ ಮೇಲಿನ ವೇಗ

ಬೆಂಗಳೂರಿನ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗೆ ಹೋಗಿ ‘ಆಫೀಸಿನ ನ್ಯಾಸ್ ತುಂಬ ಸ್ಲೋ, ಫಾಸ್ಟ್ ಆಗಿರೋದು ಕೊಡಿ’ ಎಂದರೆ, ಎರಡು ಬೇ (ಡಿಸ್ಕ್ ಕೂರಿಸುವ ಖಾನೆ) ಸಾಕೇ ನಾಲ್ಕು ಬೇಕೇ, ಎಷ್ಟು ಟಿಬಿ, ಬಜೆಟ್ ಎಷ್ಟು ಎಂದು ವಿಚಾರಿಸುತ್ತಾರೆ. ಆಫೀಸಿನಲ್ಲಿ ಯಾವ ಕೆಲಸ ನಿಧಾನ ಎಂದು ಕೇಳುವವರು ಕಡಿಮೆ. ಕೊಳ್ಳುವವರೂ ಅದನ್ನು ಹೇಳುವುದಿಲ್ಲ. ಹೀಗಾಗಿ ಹತ್ತು ಮಂದಿಯ ಆಫೀಸಿಗೆ ನ್ಯಾಸ್ (ಎಲ್ಲರೂ ನೆಟ್‌ವರ್ಕ್ ಮೂಲಕ ಫೈಲು ಹಂಚಿಕೊಳ್ಳುವ ಡಿಸ್ಕ್ ಪೆಟ್ಟಿಗೆ) ಆರಿಸುವುದೆಂದರೆ ಹಳೆಯ ಪೆಟ್ಟಿಗೆ ತೆಗೆದು ದುಬಾರಿ ಪೆಟ್ಟಿಗೆ ಇಡುವುದು ಎಂದಾಗಿಬಿಟ್ಟಿದೆ. ಎಷ್ಟೋ ಸಲ ವೇಗ ಇದ್ದಲ್ಲೇ ಇರುತ್ತದೆ.

ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 125 ಎಂಬಿ ಹರಿಯಬಹುದು. ಕೈಗೆ ಸಿಗುವುದು 110ರ ಆಸುಪಾಸು. ಇವತ್ತಿನ 7200 ಆರ್‌ಪಿಎಂನ ಒಂದೇ ಹಾರ್ಡ್ ಡಿಸ್ಕ್ ದೊಡ್ಡ ಫೈಲನ್ನು ಸೆಕೆಂಡಿಗೆ 200 ಎಂಬಿಗೂ ಮೀರಿ ಓದಬಲ್ಲದು. ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದಲ್ಲಿ ಇಡೀ ದಿನದ ಶೂಟಿಂಗ್ ಕಾಪಿ ಆಗುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತಿದ್ದರೆ ಅಡ್ಡಗಾಲು ಹಾಕಿರುವುದು ತಂತಿ. ಪ್ರೊಸೆಸರ್ ಎಷ್ಟೇ ಹೊಸದಿದ್ದರೂ ಆ 110 ಮೇಲೇಳುವುದಿಲ್ಲ.

ಇದು ತಯಾರಕರಿಗೆ ಗೊತ್ತಿಲ್ಲದ್ದೇನಲ್ಲ. ಹಳೆಯ ಕ್ಯಾಟ್5ಇ ಕೇಬಲ್ಲಿನಲ್ಲೇ 2.5 ಗಿಗಾಬಿಟ್ ಹರಿಸುವ ಮಾನದಂಡ 2016ರಲ್ಲೇ ಬಂತು. ಕ್ಯೂನ್ಯಾಪ್ 2020ರ ಟಿಎಸ್‌-453ಡಿ ಪೆಟ್ಟಿಗೆಯಲ್ಲಿ ಅಂಥ ಎರಡು ಪೋರ್ಟ್ ಕೊಟ್ಟಿತು. ಸಿನಾಲಜಿ ಮಾತ್ರ ಅದೇ ವರ್ಷದ ಡಿಎಸ್‌920 ಪ್ಲಸ್‌ನಲ್ಲಿ ಒಂದು ಗಿಗಾಬಿಟ್‌ಗೇ ಅಂಟಿಕೊಂಡಿತು, ಅದರ ಮುಂದಿನ ಡಿಎಸ್‌923 ಪ್ಲಸ್‌ನಲ್ಲೂ ಪೆಟ್ಟಿಗೆಯ ಜೊತೆ ಕೊಟ್ಟದ್ದು ಅಷ್ಟೇ. 2025ರ ಡಿಎಸ್‌925 ಪ್ಲಸ್‌ನಲ್ಲಿ ಕೊನೆಗೂ 2.5 ಬಂತು. ಆದರೆ ಹಿಂದಿನ ಮಾಡೆಲ್‌ನಲ್ಲಿದ್ದ, 10 ಗಿಗಾಬಿಟ್ ಕಾರ್ಡ್ ಕೂರಿಸುವ ಜಾಗ ಮಾಯವಾಯಿತು! ಸಿನಾಲಜಿಯ ಸಾಫ್ಟ್‌ವೇರ್ ಅಚ್ಚುಕಟ್ಟು, ನಿಜ. ಬಳಸಲು ಸುಲಭ ಎಂಬ ಹೊಗಳಿಕೆಗೂ ಅದು ಅರ್ಹ. ಆದರೂ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುವ ಈ ಜಿಪುಣತನವನ್ನು ಸಾಫ್ಟ್‌ವೇರಿನ ಹೆಸರಿನಲ್ಲಿ ಮನ್ನಿಸಲಾಗದು.

‘ಎರಡು ಪೋರ್ಟ್ ಇದೆಯಲ್ಲ, ಜೋಡಿಸಿಕೊಳ್ಳಿ, ಡಬಲ್ ಸ್ಪೀಡು’ ಎಂಬ ಮಾತೂ ಅಂಗಡಿಗಳಲ್ಲಿ ಕೇಳಿಬರುತ್ತದೆ. ಎರಡು ಟಿಕೆಟ್ ಕೌಂಟರ್ ತೆರೆದರೆ ಸಾಲು ಬೇಗ ಕರಗಬಹುದು, ಆದರೆ ಒಬ್ಬರಿಗೆ ಟಿಕೆಟ್ ಕೊಡಲು ಹಿಡಿಯುವ ಹೊತ್ತು ಕಡಿಮೆಯಾಗದು. ಲಿಂಕ್ ಅಗ್ರಿಗೇಶನ್ ನಡೆಯುವುದು ಹಾಗೆಯೇ: ಒಂದು ಕಂಪ್ಯೂಟರಿನ ಒಂದು ಕಾಪಿ ಕೆಲಸ ಒಂದೇ ತಂತಿಯಲ್ಲಿ ಸಾಗುತ್ತದೆ. ಒಂದೇ ಕಾಪಿಯನ್ನು ಎರಡೂ ತಂತಿಗಳಿಗೆ ಹಂಚಿ ಸಾಗಿಸುವ ಎಸ್‌ಎಂಬಿ ಮಲ್ಟಿಚಾನಲ್ ಬೇರೆ ವಿದ್ಯೆ. ಅದಕ್ಕೆ ಕಂಪ್ಯೂಟರಿನ ಕಡೆಯಲ್ಲೂ ಎರಡು ಪೋರ್ಟ್ ಇರಬೇಕು.

ಆಡಿಟರ್ ಆಫೀಸಿನ ತೊಂದರೆ ಬೇರೆಯೇ. ಅಲ್ಲಿ ಲೆಕ್ಕಪತ್ರದ ಟ್ಯಾಲಿ ಡೇಟಾ, ನೂರಾರು ಎಕ್ಸೆಲ್ ಶೀಟು, ಸ್ಕ್ಯಾನ್ ಮಾಡಿದ ಬಿಲ್ಲು. ಹರಿಯಬೇಕಾದ ಮಾಹಿತಿ ಸ್ವಲ್ಪವೇ, ಆದರೆ ಅದು ಸಾವಿರಾರು ಚೂರುಗಳಲ್ಲಿ ಓಡಾಡುತ್ತದೆ. ಪ್ರತಿ ಚೂರಿಗೂ ಹಾರ್ಡ್ ಡಿಸ್ಕಿನ ಮುಳ್ಳು ಸರಿದಾಡಬೇಕು. ಹೀಗೆ ಚದುರಿದ ಕೋರಿಕೆಗಳನ್ನು ಒಂದು ಡಿಸ್ಕ್ ಸೆಕೆಂಡಿಗೆ ನೂರರ ಸುಮಾರಿನಲ್ಲಷ್ಟೇ ಪೂರೈಸೀತು. ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯಲೆಂದು ನಾಲ್ಕು ಡಿಸ್ಕ್ ಸೇರಿಸಿ ರೇಡ್‌ 5 ಮಾಡಿದರೆ ಸಣ್ಣ ಬರವಣಿಗೆಯ ಪಾಡು ಇನ್ನೂ ಕಷ್ಟ. ಒಂದು ಚೂರು ಬರೆಯಲು ಹಳೆಯ ಮಾಹಿತಿಯನ್ನೂ ಅದನ್ನು ಮರಳಿ ಕಟ್ಟಲು ಇಟ್ಟ ಪ್ಯಾರಿಟಿಯನ್ನೂ ಓದಿ, ಆಮೇಲೆ ಎರಡನ್ನೂ ಮತ್ತೆ ಬರೆಯಬೇಕು. ಇಂಥ ಕಡೆ 10 ಗಿಗಾಬಿಟ್ ಪೋರ್ಟಿಗೆ ಸುರಿದ ಹಣ ನೀರಿನಲ್ಲಿ ಹೋಮ. ಟ್ಯಾಲಿ ಡೇಟಾಕ್ಕಷ್ಟೇ ಎರಡು ಎಸ್‌ಎಸ್‌ಡಿ ಮಿರರ್ ಮಾಡಿ, ಅದನ್ನು ಬಳಸುವ ಸಿಬ್ಬಂದಿಯನ್ನು ವೈಫೈ ಬಿಡಿಸಿ ತಂತಿಗೆ ತಂದರೆ ಕೆಲಸಕ್ಕೆ ಜೀವ ಬರುತ್ತದೆ.

ಎಸ್‌ಎಸ್‌ಡಿ ಕ್ಯಾಶ್ ಎಂಬ ಆಮಿಷವನ್ನೂ ಇದೇ ಕಣ್ಣಿನಿಂದ ನೋಡಬೇಕು. ಪದೇ ಪದೇ ತೆರೆಯುವ ಸಣ್ಣ ಫೈಲುಗಳಿಗೆ ಅದು ಉಪಕಾರಿ. ದಿನಕ್ಕೊಂದು ಹೊಸ ಮದುವೆಯ ವಿಡಿಯೊ ಬಂದು ಬೀಳುವ ಸ್ಟುಡಿಯೊಗೆ ಅಲಂಕಾರ ಮಾತ್ರ. ಹೆಚ್ಚಿನ ಸಂದರ್ಭಗಳಲ್ಲಿ ಆ ದುಡ್ಡಿಗೆ ರ‍್ಯಾಮ್ ಹಾಕಿಸುವುದು ಲೇಸು.

ಡಿಸ್ಕ್ ಆರಿಸುವಾಗ ಕೇಳಲೇಬೇಕಾದದ್ದು ಅದು ಸಿಎಂಆರ್ ಹೌದೋ ಅಲ್ಲವೋ ಎಂಬುದು. ಸಿಎಂಆರ್‌ನಲ್ಲಿ ದತ್ತಾಂಶದ ಪಟ್ಟಿಗಳು ಬಿಡಿಬಿಡಿಯಾಗಿರುತ್ತವೆ. ಎಸ್‌ಎಂಆರ್ ಡಿಸ್ಕಿನಲ್ಲಿ ಅವು ಒಂದರ ಮೇಲೊಂದು ಅಂಚು ಹಾಸಿಕೊಂಡಿರುವುದರಿಂದ ಒಂದನ್ನು ತಿದ್ದಲು ಪಕ್ಕದ್ದನ್ನೂ ಬರೆಯಬೇಕಾಗುತ್ತದೆ. ರೇಡ್ ಮರುಜೋಡಣೆಯ ಹೊತ್ತಿಗೆ ಅದು ತೆವಳತೊಡಗುತ್ತದೆ. ನ್ಯಾಸ್‌ಗೆಂದೇ ಮಾರಿದ ಕೆಲವು ‘ರೆಡ್’ ಸರಣಿಯ ಡಿಸ್ಕ್‌ಗಳು ಈ ಬಗೆಯವು ಎಂದು ವೆಸ್ಟರ್ನ್ ಡಿಜಿಟಲ್ 2020ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡದ್ದು ಬಳಕೆದಾರರು ಗದ್ದಲ ಎಬ್ಬಿಸಿದ ಮೇಲೆಯೇ. ಸಿನಾಲಜಿಯೂ 2025ರ ಪ್ಲಸ್ ಮಾಡೆಲ್‌ಗಳಲ್ಲಿ ತನ್ನದೇ ಡಿಸ್ಕ್ ಹಾಕಬೇಕೆಂದು ಪಟ್ಟು ಹಿಡಿದು, ಹಾರ್ಡ್ ಡಿಸ್ಕ್‌ಗಳ ಮಟ್ಟಿಗೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಪಟ್ಟು ಸಡಿಲಿಸಿತು. ಪೆಟ್ಟಿಗೆ ಕೊಂಡ ಮೇಲೆ ಅದರ ಯಜಮಾನರು ಯಾರು ಎಂಬುದು ವೇಗಕ್ಕಿಂತ ಸಣ್ಣ ಪ್ರಶ್ನೆಯಲ್ಲ.

ಇಷ್ಟಕ್ಕೂ ಅನೇಕ ಆಫೀಸುಗಳಿಗೆ ಹೊಸ ಪೆಟ್ಟಿಗೆಯೇ ಬೇಡ. ಕೇಬಲ್ಲಿನ ಎಂಟು ಎಳೆಗಳಲ್ಲಿ ಒಂದು ತುಂಡಾದರೂ ಗಿಗಾಬಿಟ್ ಸಂಪರ್ಕ 100 ಮೆಗಾಬಿಟ್‌ಗೆ ಇಳಿಯಬಹುದು. ಆಗ ಸಿಗುವುದು ಸೆಕೆಂಡಿಗೆ 12 ಎಂಬಿ. ಮೇಜಿನ ಕೆಳಗೆ ಧೂಳು ತಿನ್ನುತ್ತಿರುವ ಹಳೆಯ ಸ್ವಿಚ್ ಮಾಡುವುದೂ ಇದೇ ಹಾನಿ. ವಿಂಡೋಸ್‌ನಲ್ಲಿ ಲಿಂಕ್ ಸ್ಪೀಡ್ ನೋಡಲು ಕಾಸು ಖರ್ಚಿಲ್ಲ. ಅಲ್ಲಿ 100 ಎಂದು ಕಂಡರೆ ಮೊದಲು ಕರೆಯಬೇಕಾದದ್ದು ಕೇಬಲ್ ಕ್ರಿಂಪ್ ಮಾಡುವವರನ್ನು.

ವೇಗದ ಜೊತೆ ಸುರಕ್ಷತೆಯನ್ನೂ ನೋಡಬೇಕು. ರೇಡ್ ಇದ್ದರೆ ಬ್ಯಾಕಪ್ ಬೇಡ ಎನ್ನುವವರು, ಇಂಟರ್ನೆಟ್‌ಗೆ ತೆರೆದಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳ ಫೈಲುಗಳಿಗೆ 2022ರ ಜನವರಿಯಲ್ಲಿ ಬೀಗ ಜಡಿದ ಡೆಡ್‌ಬೋಲ್ಟ್ ದಾಳಿಯನ್ನು ನೆನೆಯಲಿ. ಬ್ಯಾಕಪ್ ಡಿಸ್ಕ್, ಯುಪಿಎಸ್ ಎರಡೂ ಬಜೆಟ್‌ನ ಒಳಗೇ ಬರಬೇಕು.

ಹತ್ತು ಮೇಜಿನ ಸಾಮಾನ್ಯ ಆಫೀಸಿಗೆ ನನ್ನ ಆಯ್ಕೆ 2.5 ಗಿಗಾಬಿಟ್ ಪೋರ್ಟಿನ, ರ‍್ಯಾಮ್ ಹೆಚ್ಚಿಸಬಹುದಾದ ನಾಲ್ಕು ಬೇ ಪೆಟ್ಟಿಗೆ. ಅದಕ್ಕೆ ಸಿಎಂಆರ್ ಡಿಸ್ಕ್, ಅಷ್ಟೇ ವೇಗದ ಸ್ವಿಚ್ ಜೊತೆಯಾಗಲಿ. ಕಂಪ್ಯೂಟರುಗಳಲ್ಲಿ 2.5ರ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ ಅಡಾಪ್ಟರ್ ಸಾಕು. 10 ಗಿಗಾಬಿಟ್ ಬೇಕಿರುವುದು ನ್ಯಾಸ್‌ನಿಂದಲೇ ನೇರವಾಗಿ ವಿಡಿಯೊ ಎಡಿಟ್ ಮಾಡುವವರಿಗೆ. ದುಡ್ಡು ಕೊಡುವ ಮುನ್ನ ನಿಮ್ಮ ಆಫೀಸಿನದೇ ಒಂದು ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಅಂಗಡಿಯ ನ್ಯಾಸ್‌ಗೆ ಕಾಪಿ ಮಾಡಿ ತೋರಿಸಿ ಎಂದು ಕೇಳಿ. ಒಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗಿ.