ದೆಹಲಿಯ ಪತ್ರಿಕೋದ್ಯಮ ಪಾಠದಲ್ಲಿ ಕನ್ನಡಕ್ಕೆ ಜಾಗವೆಲ್ಲಿ?

ಪತ್ರಿಕೋದ್ಯಮ ಕಲಿಯಲು ದೆಹಲಿಗೆ ಹೊರಡುವ ಹುಡುಗ ಹುಡುಗಿಯರ ಬಾಯಲ್ಲಿ ಮೊದಲು ಬರುವ ಹೆಸರು ಐಐಎಂಸಿ, ಅಂದರೆ ಭಾರತೀಯ ಜನಸಂವಹನ ಸಂಸ್ಥೆ. ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅಡಿಯಲ್ಲಿ 1965ರ ಆಗಸ್ಟ್‌ನಲ್ಲಿ ಶುರುವಾದದ್ದು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪಕ್ಕದಲ್ಲೇ ಇದೆ. 2024ರಲ್ಲಿ ಇದಕ್ಕೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನವೂ ಸಿಕ್ಕಿತು. ಸರ್ಕಾರಿ ಅನುದಾನದ ಸಂಸ್ಥೆ ಅಂದ ಮೇಲೆ ಅದರಲ್ಲಿ ನಮ್ಮ ತೆರಿಗೆಯ ದುಡ್ಡೂ ಇದೆ. ಹಾಗಾಗಿ ಅಲ್ಲಿ ನಮ್ಮ ಭಾಷೆಗೆ ಏನು ಸಿಕ್ಕಿದೆ ಅಂತ ಲೆಕ್ಕ ಕೇಳುವ ಹಕ್ಕು ಕನ್ನಡಿಗರಿಗೂ ಇದೆ.

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ಹಿಂದಿ ಪತ್ರಿಕೋದ್ಯಮದ ಡಿಪ್ಲೊಮಾ ವಿಭಾಗವನ್ನು ನೋಡಿ. ಬಿಹಾರದ, ಉತ್ತರ ಪ್ರದೇಶದ ಸಣ್ಣ ಊರುಗಳಿಂದ ಬಂದ ಮಕ್ಕಳು ತಮ್ಮ ಭಾಷೆಯಲ್ಲೇ ಪಾಠ ಕೇಳುತ್ತಾರೆ, ತಮ್ಮ ಭಾಷೆಯಲ್ಲೇ ವರದಿ ಬರೆದು ತಿದ್ದಿಸಿಕೊಳ್ಳುತ್ತಾರೆ, ಒಂದು ವರ್ಷದೊಳಗೆ ರಾಜಧಾನಿಯ ಸುದ್ದಿಮನೆಗೆ ಕಾಲಿಡುತ್ತಾರೆ. ಇಂಗ್ಲಿಷ್ ಬಾರದು ಅನ್ನೋ ಕಾರಣಕ್ಕೆ ಅವರು ಬಾಗಿಲ ಹೊರಗೆ ನಿಲ್ಲಬೇಕಾಗಿಲ್ಲ. ಸಾರ್ವಜನಿಕ ವಿದ್ಯಾಸಂಸ್ಥೆ ಅಂದರೆ ಹೀಗಿರಬೇಕು. ನನ್ನ ತಕರಾರು ಇರುವುದು ಈ ಸೌಲಭ್ಯ ಯಾರ್‍ಯಾರಿಗೆ ಸಿಕ್ಕಿದೆ, ಯಾರಿಗೆ ಸಿಕ್ಕಿಲ್ಲ ಅನ್ನೋದರಲ್ಲಿ.

ದೆಹಲಿಯಲ್ಲಿ ಇಂಗ್ಲಿಷ್, ಹಿಂದಿ, ಉರ್ದು ಇವೆ. ಸಂಸ್ಥೆಯ ಒಡಿಶಾದ ಧೇನ್‌ಕನಾಲ್ ಕೇಂದ್ರದಲ್ಲಿ ಒಡಿಯಾ, ಮಹಾರಾಷ್ಟ್ರದ ಅಮರಾವತಿಯಲ್ಲಿ ಮರಾಠಿ, ಕೇರಳದ ಕೊಟ್ಟಾಯಂನಲ್ಲಿ ಮಲಯಾಳಂ. ಕನ್ನಡ ಎಲ್ಲೂ ಇಲ್ಲ. ಕರ್ನಾಟಕದಲ್ಲಿ ಒಂದು ಕೇಂದ್ರವೂ ಇಲ್ಲ. 1843ರಲ್ಲೇ ‘ಮಂಗಳೂರ ಸಮಾಚಾರ’ ಕಂಡ ಭಾಷೆ ನಮ್ಮದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ, ಅಂದರೆ ದೆಹಲಿಯ ಈ ಸಂಸ್ಥೆ ಹುಟ್ಟುವುದಕ್ಕೆ ಹದಿನಾಲ್ಕು ವರ್ಷ ಮೊದಲೇ, ಪತ್ರಿಕೋದ್ಯಮದ ಪಾಠ ಶುರುವಾಗಿತ್ತು.

‘ಭಾಷೆ ಯಾವುದಾದರೇನು, ಸುದ್ದಿಯ ವಿದ್ಯೆ ಒಂದೇ ತಾನೆ?’ ಅಂತ ಕೇಳುವವರಿದ್ದಾರೆ. ಅರ್ಧ ನಿಜ. ದಾಖಲೆ ಹುಡುಕುವುದು, ಎರಡು ಕಡೆಯವರನ್ನೂ ಕೇಳುವುದು, ಮಾಹಿತಿ ಹಕ್ಕಿನ ಅರ್ಜಿ ಹಾಕುವುದು, ಇವೆಲ್ಲ ಯಾವ ಭಾಷೆಯಲ್ಲಿ ಕಲಿತರೂ ಒಂದೇ. ಆದರೆ ಬರೆಯಲು ಕೂತಾಗ ವಿಷಯ ಬೇರೆಯಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟಿನ ಕಾವೇರಿ ತೀರ್ಪು ಬಂತು. ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ ನೀರು 192 ಟಿಎಂಸಿ ಅಡಿಯಿಂದ 177.25ಕ್ಕೆ ಇಳಿಯಿತು. ಇಳಿದ 14.75 ಟಿಎಂಸಿಯಲ್ಲಿ 10 ಟಿಎಂಸಿಗೆ ಕಾರಣ ತಮಿಳುನಾಡಿನ ಅಂತರ್ಜಲ, 4.75ಕ್ಕೆ ಕಾರಣ ಬೆಂಗಳೂರಿನ ಕುಡಿಯುವ ನೀರು. ತೀರ್ಪು ಇರುವುದು ಇಂಗ್ಲಿಷಿನಲ್ಲಿ, ನೂರಾರು ಪುಟ. ಮಂಡ್ಯದ ರೈತನಿಗೆ ಅವತ್ತೇ ಸಂಜೆ ತಿಳಿಯಬೇಕಾದ್ದು ಒಂದೇ: ಇದರಲ್ಲಿ ನನ್ನ ಗದ್ದೆಗೆ ಏನಿದೆ? ಅದನ್ನು ಅವನ ಮಾತಿನಲ್ಲಿ, ಒಂದು ಅಂಕಿ ತಪ್ಪದಂತೆ, ಗಂಟೆಯೊಳಗೆ ಬರೆಯುವುದು ಅಭ್ಯಾಸದಿಂದ ಬರುವ ಕಸುಬು. ಹಿಂದಿಯ ವಿದ್ಯಾರ್ಥಿಗೆ ತರಗತಿಯಲ್ಲೇ ಈ ಅಭ್ಯಾಸ ಆಗುತ್ತದೆ, ಕನ್ನಡದವನು ಕೆಲಸಕ್ಕೆ ಸೇರಿದ ಮೇಲೆ ಓದುಗರ ಮೇಲೆ ಪ್ರಯೋಗ ಮಾಡಿ ಕಲಿಯಬೇಕು.

ನಾನಿದ್ದ ಬ್ಯಾಂಕಿಂಗ್ ಕ್ಷೇತ್ರದ್ದೇ ಇನ್ನೊಂದು ಮಾತು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಮತ್ತು ಕಾರ್ಪೊರೇಷನ್ ಬ್ಯಾಂಕು ಎರಡೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗುತ್ತವೆ ಅಂತ 2019ರ ಆಗಸ್ಟ್ 30ರಂದು ದೆಹಲಿಯಲ್ಲಿ ಪ್ರಕಟವಾಯಿತು. ಮುಂದೆ 2020ರಲ್ಲಿ, 1,000 ಸಿಂಡಿಕೇಟ್ ಷೇರಿಗೆ 158 ಕೆನರಾ ಷೇರು ಅಂತ ಲೆಕ್ಕ ಹೊರಬಿತ್ತು. ಸಾವಿರ ಹೋಗಿ ನೂರೈವತ್ತೆಂಟು ಬಂತು ಅಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಎರಡೂ ಷೇರುಗಳ ಬೆಲೆ ಪಕ್ಕದಲ್ಲಿಟ್ಟು ನೋಡದೆ ಅದು ಲಾಭವೋ ನಷ್ಟವೋ ಹೇಳಲಾಗದು ಅನ್ನುವ ಎರಡು ಸಾಲಿನ ವಿವರಣೆ, ನಾನು ಓದಿದ ಬಹುಪಾಲು ಕನ್ನಡ ವರದಿಗಳಲ್ಲಿ ಇರಲಿಲ್ಲ. ಇಂಗ್ಲಿಷ್ ಪ್ರಕಟಣೆಯ ವಾಕ್ಯಗಳೇ ಕನ್ನಡದ ಅಂಗಿ ತೊಟ್ಟು ಬಂದಿದ್ದವು. ಇದು ವರದಿಗಾರನೊಬ್ಬನ ಸೋಮಾರಿತನ ಅಲ್ಲ. ಅವನಿಗೆ ಹಾಗೆ ಬರೆಯಲು ಯಾರೂ ಕಲಿಸಿರಲಿಲ್ಲ.

ಫೀಸಿನ ವಿಚಾರಕ್ಕೂ ಬರೋಣ. 2019ರ ಡಿಸೆಂಬರ್‌ನಲ್ಲಿ ಐಐಎಂಸಿ ವಿದ್ಯಾರ್ಥಿಗಳು ಫೀಸು ಏರಿಕೆ ವಿರುದ್ಧ ಧರಣಿ ಕೂತರು. ಆ ಸಾಲಿನಲ್ಲಿ ಹಿಂದಿ, ಇಂಗ್ಲಿಷ್ ಪತ್ರಿಕೋದ್ಯಮಕ್ಕೆ 95,500 ರೂಪಾಯಿ, ರೇಡಿಯೊ ಮತ್ತು ಟಿವಿಗೆ 1,68,500 ರೂಪಾಯಿ ಇತ್ತು. ಹಾಸ್ಟೆಲು, ಊಟ ಬೇರೆ. ಈ 1,68,500ನ್ನು ನೂರಕ್ಕೆ 10ರ ಬಡ್ಡಿಯಲ್ಲಿ ಸಾಲ ತಂದು ಐದು ವರ್ಷದಲ್ಲಿ ತೀರಿಸಿದರೆ, ಓದುವಾಗಿನ ಬಡ್ಡಿ ಬಿಟ್ಟೂ ತಿಂಗಳಿಗೆ ಸುಮಾರು 3,580 ರೂಪಾಯಿ ಕಂತು. ಕಡಿಮೆ ಸಂಬಳದ ಹೊಸ ವರದಿಗಾರನಿಗೆ ಇದು ಹೊರೆಯೇ. ಕಂತು ಕಟ್ಟಬೇಕಾದವನು ಜಿಲ್ಲಾ ವರದಿಗಾರಿಕೆ ಬಿಟ್ಟು ಕಂಪನಿಗಳ ಪ್ರಚಾರ ವಿಭಾಗದ ಕಡೆ ತಿರುಗಿದರೆ ಅವನನ್ನು ಬಯ್ಯುವುದು ಹೇಗೆ? ಡೀಮ್ಡ್ ಸ್ಥಾನ ಸಿಕ್ಕ ಮೇಲೆ ಸಂಸ್ಥೆ ಮೊದಲು ತಂದ ಎಂ.ಎ. ಕೋರ್ಸುಗಳು ಯಾವುವು ಗೊತ್ತೆ? ಮೀಡಿಯಾ ಬಿಸಿನೆಸ್ ಮತ್ತು ಸ್ಟ್ರಾಟೆಜಿಕ್ ಕಮ್ಯುನಿಕೇಷನ್. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಇಷ್ಟರಿಂದಲೇ ತಿಳಿಯುತ್ತದೆ.

ಇದರಲ್ಲಿ ಪೆಟ್ಟು ತಿನ್ನುವವರು ಎರಡು ಬಗೆಯ ಕನ್ನಡದ ಮಕ್ಕಳು. ದೆಹಲಿಯಲ್ಲೇ ಬೆಳೆದವರಿಗೆ ಕನ್ನಡ ಮನೆಮಾತು, ಆದರೆ ಕೈಗೆ ಬರೆವಣಿಗೆ ಒಗ್ಗಿಲ್ಲ. ಲೋಧಿ ಎಸ್ಟೇಟಿನ ಕನ್ನಡ ಶಾಲೆ ಎಷ್ಟು ಮಕ್ಕಳನ್ನು ತಾನೆ ಹಿಡಿದಿಟ್ಟೀತು? ಊರಿನಿಂದ ಹೋದವರಿಗೆ ಕನ್ನಡ ಬರೆಯಲು ಬರುತ್ತದೆ, ಆದರೆ ಅಲ್ಲಿ ತಿದ್ದುವವರಿಲ್ಲ. ವರ್ಷ ಮುಗಿಯುವ ಹೊತ್ತಿಗೆ ಇಬ್ಬರೂ ಇಂಗ್ಲಿಷ್ ವರದಿಗಾರರಾಗಿರುತ್ತಾರೆ, ಅಥವಾ ವರದಿಗಾರಿಕೆಯನ್ನೇ ಬಿಟ್ಟಿರುತ್ತಾರೆ. ಕಾವೇರಿ, ಮಹದಾಯಿ, ಕೃಷ್ಣಾ, ಬಜೆಟ್ಟು, ಎಲ್ಲದರ ತೀರ್ಮಾನ ಆಗುವ ಊರಿನಲ್ಲಿ ಕನ್ನಡದಲ್ಲಿ ಯೋಚಿಸಿ ಬರೆಯುವ ಕೈಗಳು ಹೀಗೆ ಒಂದೊಂದಾಗಿ ಕಡಿಮೆಯಾಗುತ್ತವೆ. ನಷ್ಟ ದೆಹಲಿ ಕನ್ನಡಿಗರಿಗಿಂತ ಹೆಚ್ಚಾಗಿ ಊರಿನಲ್ಲಿ ಬೆಳಗ್ಗೆ ಪೇಪರ್ ಓದುವ ನಿಮಗೆ.

ತಪ್ಪನ್ನೆಲ್ಲ ಸಂಸ್ಥೆಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಕೇಳದೆ ಕೊಡುವವರು ಯಾರು? ದೆಹಲಿಯಲ್ಲಿ ಕರ್ನಾಟಕ ಸಂಘವಿದೆ, ಅಲ್ಲಿ ನಾಟಕ, ಯಕ್ಷಗಾನ, ರಾಜ್ಯೋತ್ಸವ ನಡೆಯುತ್ತವೆ, ನಡೆಯಲಿ. ಲೋಕಸಭೆಗೆ ನಾವು ಕಳಿಸುವವರು 28 ಮಂದಿ. ಮರಾಠಿ, ಮಲಯಾಳಂಗೆ ಇರುವುದು ಕನ್ನಡಕ್ಕೆ ಯಾಕಿಲ್ಲ ಅಂತ ಅವರು ಪಟ್ಟು ಹಿಡಿದು ಕೇಳಬೇಕು. ಅಲ್ಲಿಯವರೆಗೆ ರಾಜ್ಯದ ಕೈಯಲ್ಲೇ ಇರುವ ಕೆಲಸವೊಂದಿದೆ. ಮೈಸೂರು, ಧಾರವಾಡ, ಬೆಂಗಳೂರಿನ ಸರ್ಕಾರಿ ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿಭಾಗಗಳು ವರ್ಷಕ್ಕೆ ಹತ್ತು ಹನ್ನೆರಡು ವಿದ್ಯಾರ್ಥಿಗಳನ್ನು ಸಂಸತ್ ಅಧಿವೇಶನದ ಕಾಲದಲ್ಲಿ ಒಂದೆರಡು ತಿಂಗಳು ದೆಹಲಿಗೆ ಕಳಿಸಲಿ. ಖರ್ಚನ್ನು ಕರ್ನಾಟಕ ಮಾಧ್ಯಮ ಅಕಾಡೆಮಿಯ ಮೂಲಕ ಸರ್ಕಾರ ನೋಡಿಕೊಳ್ಳಲಿ. ಅಲ್ಲಿರುವ ಹಿರಿಯ ಕನ್ನಡ ವರದಿಗಾರರು ಸಂಜೆ ಹೊತ್ತು ಆ ಮಕ್ಕಳ ಪ್ರತಿ ತಿದ್ದಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಕಾನೂನೂ ಬೇಡ. ಹತ್ತು ಮಕ್ಕಳ ರೈಲು ಚಾರ್ಜು, ಊಟ, ಒಂದು ಬಾಡಿಗೆ ಮನೆ, ಅಷ್ಟೇ.